ಕಾವಿ ಬಣ್ಣದ ಕೆಸರಿಗೊಂದು ಕೆಲಸ

ಗಣಿಯ ಕೆಸರು ಹಾಕಿ ಕೊಳಚೆ ನೀರಿನಿಂದ ಫಾಸ್ಫರಸ್ ತೆಗೆಯಬಹುದಂತೆ, ನಿಜವಾ ಅಂತ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಿಜ. ನಾನು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಣ್ಣಾರೆ ನೋಡಿದ್ದೇನೆ, ಕೈಯಾರೆ ಮಾಡಿದ್ದೇನೆ. ಆದರೆ ಇದನ್ನು ‘ಕಸದಿಂದ ರಸ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುವವರನ್ನು ಕಂಡರೆ ಸ್ವಲ್ಪ ರೇಗುತ್ತದೆ. ರಸ ಬರುತ್ತದೆ, ಸರಿ. ಎಷ್ಟು ಕಸಕ್ಕೆ ಎಷ್ಟು ರಸ? ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಎಲ್ಲಿ ಹಾಕುತ್ತೀರಿ? ಈ ಲೆಕ್ಕ ಕೇಳಿದರೆ ಹೆಚ್ಚಿನವರು ಮಾತು ಬದಲಾಯಿಸುತ್ತಾರೆ.

ಮೊದಲು ಆ ಕೆಸರಿನ ಪರಿಚಯ ಆಗಲಿ. ಹಳೆಯ ಕಲ್ಲಿದ್ದಲು ಗಣಿಯ ನೀರಿನಿಂದ ಇಳಿದ ಕೆಸರಿನ ಡಬ್ಬದ ಮುಚ್ಚಳ ತೆಗೆದರೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬೆರೆತ ಕಾವಿ ಬಣ್ಣ. ಬೆರಳಲ್ಲಿ ಉಜ್ಜಿದರೆ ಒಂದು ಕಾಳು ಮರಳೂ ಸಿಗದ ನುಣುಪು. ಕೈಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ, ಉಗುರಿನ ಸಂದಿಯಲ್ಲಿ ದಿನಗಟ್ಟಲೆ ಕೂತಿರುತ್ತದೆ. ಹೊಸ ಬಿಳಿ ಕೋಟು ಹಾಕಿಕೊಂಡು ಈ ಕೆಲಸಕ್ಕೆ ಇಳಿಯುವವರನ್ನು ನೋಡಿ ನಾವು ಹಳಬರು ಒಳಗೊಳಗೇ ನಗುತ್ತೇವೆ. ಒಣಗಿಸಿದರೆ ಬಿರುಕುಬಿಟ್ಟ ಹೆಂಟೆಗಳಾಗುತ್ತದೆ. ಕುಟ್ಟಿ ಜರಡಿ ಹಿಡಿದರೆ ಹಗುರ ಹುಡಿ. ಒಣಗಿಸುವ ಮುಂಚೆ ಟ್ರೇ ತುಂಬ ಇದ್ದದ್ದು ಒಣಗಿದ ಮೇಲೆ ತಳ ಕಾಣುವಷ್ಟು. ಹಸಿ ಕೆಸರಿನಲ್ಲಿ ಇರುವುದು ಬಹುಪಾಲು ನೀರೇ. ಈ ನೀರಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಸಾಗಣೆಯ ಮಾತು ಬಂದಾಗ ಬೇಕಾಗುತ್ತದೆ.

ಇದು ಹುಟ್ಟುವ ಬಗೆ ಹೀಗೆ. ಕಲ್ಲಿದ್ದಲು, ತಾಮ್ರ, ಬೆಳ್ಳಿ, ಚಿನ್ನ ಯಾವುದರ ಗಣಿಯಾದರೂ ಬಂಡೆಯ ಜೊತೆ ಪೈರೈಟ್ ಇರುವುದು ಸಾಮಾನ್ಯ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೆಲದಾಳದಲ್ಲಿ ಗಾಳಿ ತಾಗದೆ ಇದ್ದಾಗ ಅದರ ಪಾಡಿಗೆ ಅದು ಇರುತ್ತದೆ. ಗಣಿ ತೋಡಿ ಗಾಳಿ, ನೀರು ಎರಡನ್ನೂ ಒಳಗೆ ಬಿಟ್ಟರೆ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ, ಕಬ್ಬಿಣ ನೀರಿನಲ್ಲಿ ಕರಗಿ ಹರಿಯುತ್ತದೆ. ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಅನ್ನುವ ಬ್ಯಾಕ್ಟೀರಿಯಾ ಆ ಹುಳಿ ನೀರಿನಲ್ಲೇ ಬದುಕಿ ಈ ಕ್ರಿಯೆಯ ವೇಗವನ್ನು ಇನ್ನೂ ಹೆಚ್ಚಿಸುತ್ತದೆ. ಗಣಿ ಮುಚ್ಚಿದರೂ ಇದು ನಿಲ್ಲುವುದಿಲ್ಲ. ಕಂಪನಿ ಹೋಗಿರುತ್ತದೆ, ಕೆಲಸಗಾರರು ಹೋಗಿರುತ್ತಾರೆ, ಸುರಂಗದ ಬಾಯಿಂದ ಹುಳಿ ನೀರು ಮಾತ್ರ ಹರಿಯುತ್ತಲೇ ಇರುತ್ತದೆ. ಸ್ಪೇನ್‌ನ ರಿಯೋ ಟಿಂಟೊ ನದಿ ಸಾವಿರಾರು ವರ್ಷ ಗಣಿಗಾರಿಕೆ ಕಂಡ ನೆಲದಲ್ಲಿ ಹರಿಯುತ್ತದೆ. ಅದರ ನೀರು ಕೆಂಪು, ಪಿಎಚ್ ಸುಮಾರು 2 (ಪಿಎಚ್ ಅಂದರೆ ಹುಳಿಯ ಅಳತೆ; 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಕೆಳಗಿಳಿದಷ್ಟೂ ಹುಳಿ). ಅಮೆರಿಕದ ಕೊಲೊರಾಡೊದಲ್ಲಿ 2015ರ ಆಗಸ್ಟ್ 5ರಂದು ಗೋಲ್ಡ್ ಕಿಂಗ್ ಗಣಿಯಲ್ಲಿ ಕಟ್ಟಿಕೊಂಡಿದ್ದ ನೀರು ಒಡೆದು ಒಂದು ಕೋಟಿ ಲೀಟರ್‌ಗೂ ಹೆಚ್ಚು ಹೊರಗೆ ನುಗ್ಗಿ ಆನಿಮಾಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಫೋಟೋ ನೀವೂ ನೋಡಿರಬಹುದು.

ಈ ನೀರನ್ನು ಹಾಗೇ ಹೊಳೆಗೆ ಬಿಡುವಂತಿಲ್ಲ. ಸುಣ್ಣ ಹಾಕಿ ಹುಳಿ ಮುರಿಯುತ್ತಾರೆ, ಗಾಳಿ ಊದುತ್ತಾರೆ. ಇಲ್ಲವೇ ಸುಣ್ಣಕಲ್ಲಿನ ಕಾಲುವೆ, ಜೊಂಡು ನೆಟ್ಟ ಕೊಳಗಳ ಮೂಲಕ ನಿಧಾನಕ್ಕೆ ಹರಿಸುತ್ತಾರೆ. ಆಗ ಕರಗಿದ್ದ ಕಬ್ಬಿಣ ಹೈಡ್ರಾಕ್ಸೈಡ್ ಆಗಿ, ಅಂದರೆ ತುಕ್ಕಿನಂಥ ಪದಾರ್ಥವಾಗಿ, ತಳಕ್ಕೆ ಇಳಿಯುತ್ತದೆ. ಅದೇ ನಮ್ಮ ಕಾವಿ ಕೆಸರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯವರು ಇದನ್ನು ‘ಯೆಲ್ಲೋ ಬಾಯ್’ ಅನ್ನುತ್ತಾರೆ, ಬ್ರಿಟನ್ನಿನವರು ‘ಓಕರ್’ ಅನ್ನುತ್ತಾರೆ. ಕೊಳ ತುಂಬಿದಾಗಲೆಲ್ಲ ಎತ್ತಿ ಎಲ್ಲಾದರೂ ಸುರಿಯಬೇಕು, ಅದಕ್ಕೆ ದುಡ್ಡು ಬೇಕು, ಜಾಗ ಬೇಕು. ಒಹಾಯೊದಲ್ಲಿ ಇದನ್ನು ತೊಳೆದು ಸುಟ್ಟು ಚಿತ್ರಕಾರರಿಗೆ ಬಣ್ಣ ಮಾಡಿದ್ದಾರೆ; ಒಳ್ಳೆಯ ಕೆಲಸವೇ, ಆದರೆ ಹೊಳೆಗಟ್ಟಲೆ ಕೆಸರಿಗೆ ಎಷ್ಟು ಜನ ಚಿತ್ರ ಬರೆಯಬೇಕು ಹೇಳಿ.

ಇನ್ನು ಫಾಸ್ಫರಸ್. ಮನುಷ್ಯನೊಬ್ಬನಿಂದ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ಫಾಸ್ಫರಸ್ ಚರಂಡಿಗೆ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಮೂತ್ರದಲ್ಲಿ. (ಹ್ಯಾಂಬರ್ಗ್‌ನ ಹೆನಿಗ್ ಬ್ರಾಂಡ್ 1669ರಲ್ಲಿ ಫಾಸ್ಫರಸ್ ಅನ್ನು ಮೊದಲು ಬೇರ್ಪಡಿಸಿದ್ದೂ ಮೂತ್ರ ಕುದಿಸಿಯೇ. ಚಿನ್ನ ಸಿಗುತ್ತದೆ ಅಂದುಕೊಂಡಿದ್ದ ಪುಣ್ಯಾತ್ಮ.) ಒಂದೂವರೆ ಗ್ರಾಂ ಏನು ಮಹಾ ಅನ್ನಿಸಬಹುದು. ಕೆರೆಯ ಪಾಚಿಗೆ ಅದು ಮಹಾ. ಪಾಚಿಯ ಮೈಯಲ್ಲಿ ಇಂಗಾಲ, ಸಾರಜನಕ, ಫಾಸ್ಫರಸ್ ಪರಮಾಣುಗಳು ಸುಮಾರಾಗಿ 106:16:1ರ ಪ್ರಮಾಣದಲ್ಲಿರುತ್ತವೆ. ಅಂದರೆ ಒಂದು ಗ್ರಾಂ ಫಾಸ್ಫರಸ್‌ನಿಂದ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನಿಂದ ಎಳೆದುಕೊಳ್ಳುವ ಆಮ್ಲಜನಕ ಹತ್ತಿರ ಹತ್ತಿರ 140 ಗ್ರಾಂ. ಮೀನು ಸಾಯುವುದು ಅಲ್ಲಿ.

ಇದಕ್ಕೆ ನಾನು ನೋಡಿದ ಅತ್ಯಂತ ಸರಳ ಪುರಾವೆ ಕೆನಡಾದ್ದು. ವಾಯವ್ಯ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಿವೆ. ಅಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ 226ನೇ ನಂಬರಿನ ಕೆರೆಯ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ ಮತ್ತು ಸಾರಜನಕ ಸುರಿದರು; ಇನ್ನೊಂದು ಕಡೆ ಅವೆರಡರ ಜೊತೆಗೆ ಫಾಸ್ಫರಸ್ಸನ್ನೂ ಸುರಿದರು. ಫಾಸ್ಫರಸ್ ಬಿದ್ದ ಭಾಗ ದಟ್ಟ ಹಸಿರಾಯಿತು, ಪರದೆಯ ಆಚೆ ನೀರು ಕಪ್ಪಗೆ ತಿಳಿಯಾಗಿಯೇ ಇತ್ತು. ವಿಮಾನದಿಂದ ತೆಗೆದ ಆ ಒಂದು ಫೋಟೋ ನೂರು ಗ್ರಾಫ್ ಮಾಡದ ಕೆಲಸ ಮಾಡಿತು. ನಲವತ್ತು ವರ್ಷ ಕಳೆದರೂ ಪಾಠ ಹಳತಾಗಿರಲಿಲ್ಲ: 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ನೀಲಿ-ಹಸಿರು ಪಾಚಿಯ ವಿಷ ನಲ್ಲಿ ನೀರಿಗೇ ಬಂದು, ಟೊಲೆಡೊ ನಗರದ ಸುತ್ತಲಿನ ನಾಲ್ಕೈದು ಲಕ್ಷ ಜನಕ್ಕೆ ನೀರು ಕುಡಿಯಬೇಡಿ ಅಂತ ಹೇಳಬೇಕಾಯಿತು. ಅಲ್ಲಿ ಫಾಸ್ಫರಸ್ ಬಂದದ್ದು ಹೆಚ್ಚಾಗಿ ಹೊಲಗಳಿಂದ, ಚರಂಡಿಯಿಂದಲ್ಲ. ಆ ವ್ಯತ್ಯಾಸವೂ ಮುಂದೆ ಬೇಕಾಗುತ್ತದೆ.

ಮನೆ ಕೊಳಚೆಯಲ್ಲಿ ಲೀಟರಿಗೆ ಐದರಿಂದ ಹತ್ತು ಮಿಲಿಗ್ರಾಂ ಆಸುಪಾಸಿನಲ್ಲಿ ಫಾಸ್ಫರಸ್ ಇರುತ್ತದೆ. ಐರೋಪ್ಯ ಒಕ್ಕೂಟ 1991ರ ನಿರ್ದೇಶನದಲ್ಲಿ ಸೂಕ್ಷ್ಮ ಜಲಮೂಲಗಳಿಗೆ ನೀರು ಬಿಡುವ ದೊಡ್ಡ ಘಟಕಗಳಿಗೆ ಲೀಟರಿಗೆ 1 ಮಿಲಿಗ್ರಾಂ, ಮಧ್ಯಮ ಗಾತ್ರದವಕ್ಕೆ 2 ಮಿಲಿಗ್ರಾಂ ಅಂತ ಮಿತಿ ಹಾಕಿತು. ಕೆರೆಗೆ ಕೇಳಿದರೆ ಅದೂ ಹೆಚ್ಚೇ. ಲೀಟರಿಗೆ 35 ಮೈಕ್ರೋಗ್ರಾಂ ದಾಟಿದರೆ ಕೆರೆ ಪಾಚಿಗಟ್ಟುವ ಗುಂಪಿಗೆ ಸೇರಿತು ಅನ್ನುವುದು ಪರಿಣತರ ಸಾಮಾನ್ಯ ಲೆಕ್ಕ. ಮಿಲಿಗ್ರಾಂ ಅಲ್ಲ, ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಂ.

ಕೆಸರು ಫಾಸ್ಫೇಟನ್ನು, ಅಂದರೆ ಫಾಸ್ಫರಸ್ ಆಮ್ಲಜನಕದ ಜೊತೆ ಸೇರಿ ನೀರಿನಲ್ಲಿ ಇರುವ ರೂಪವನ್ನು, ಹಿಡಿಯುವುದು ಹೇಗೆ? ಕಬ್ಬಿಣದ ಹೈಡ್ರಾಕ್ಸೈಡಿನ ಕಣ ತೀರಾ ಸಣ್ಣದು, ಹಾಗಾಗಿ ಮೇಲ್ಮೈ ವಿಪರೀತ. ಫೆರಿಹೈಡ್ರೈಟ್ ಅನ್ನುವ ಹರಳುಗಟ್ಟದ ರೂಪದಲ್ಲಿ ಒಂದು ಗ್ರಾಮಿಗೆ 200 ಚದರ ಮೀಟರ್ ದಾಟುವುದುಂಟು. ಆ ಮೇಲ್ಮೈ ತುಂಬ ಆಮ್ಲಜನಕ-ಹೈಡ್ರೋಜನ್ ಜೋಡಿಗಳು. ಫಾಸ್ಫೇಟ್ ಬಂದು ಆ ಜೋಡಿಯನ್ನು ಹೊರದಬ್ಬಿ ಕಬ್ಬಿಣಕ್ಕೆ ನೇರವಾಗಿ ಕಟ್ಟಿಕೊಳ್ಳುತ್ತದೆ. ಸುಮ್ಮನೆ ಅಂಟಿಕೊಂಡು ತೊಳೆದರೆ ಹೋಗುವ ಸಂಬಂಧವಲ್ಲ ಅದು, ರಾಸಾಯನಿಕ ಬಂಧ. ನೀರಿನ ಪಿಎಚ್ 8ರ ಕೆಳಗಿದ್ದರೆ ಈ ಮೇಲ್ಮೈಗೆ ಧನ ವಿದ್ಯುದಂಶ ಇರುತ್ತದೆ, ಋಣ ಅಂಶದ ಫಾಸ್ಫೇಟ್ ತಾನಾಗಿ ಹತ್ತಿರ ಬರುತ್ತದೆ. ಮನೆ ಕೊಳಚೆಯ ಪಿಎಚ್ ಸುಮಾರು 7ರಿಂದ 7.5. ಹೇಳಿ ಮಾಡಿಸಿದ ಜೋಡಿ.

ಲ್ಯಾಬಿನಲ್ಲಿ ಇದನ್ನು ನೋಡುವುದು ಈಗಲೂ ನನಗೆ ಖುಷಿ. ಫಾಸ್ಫೇಟ್ ಬೆರೆಸಿದ ನೀರಿಗೆ ಒಂದು ಚಿಟಿಕೆ ಕಾವಿ ಹುಡಿ ಹಾಕಿ, ಬಾಟಲಿಯನ್ನು ಶೇಕರ್ ಮೇಲೆ ರಾತ್ರಿಯೆಲ್ಲ ಕುಲುಕಲು ಬಿಡುತ್ತೇವೆ. ಬೆಳಿಗ್ಗೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ತಿಳಿನೀರಿಗೆ ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲದ ಮಿಶ್ರಣ ಹಾಕುತ್ತೇವೆ; ಫಾಸ್ಫೇಟ್ ಇದ್ದರೆ ನೀಲಿ ಬರುತ್ತದೆ. ಮರ್ಫಿ ಮತ್ತು ರೈಲಿ 1962ರಲ್ಲಿ ಕೊಟ್ಟ ವಿಧಾನ, ಜಗತ್ತಿನ ನೀರಿನ ಲ್ಯಾಬುಗಳೆಲ್ಲ ಇನ್ನೂ ಅದನ್ನೇ ಹಿಡಿದುಕೊಂಡಿವೆ. ಕಾವಿ ಹಾಕದ ಬಾಟಲಿಯ ನೀರು ಹತ್ತು ನಿಮಿಷದಲ್ಲಿ ಗಾಢ ನೀಲಿಯಾಗುತ್ತದೆ. ಕಾವಿ ಕಂಡ ನೀರು ಬಣ್ಣವೇ ಇಲ್ಲದೆ ನಿಂತಿರುತ್ತದೆ. ಯಂತ್ರಕ್ಕೆ ಹಾಕಿ 880 ನ್ಯಾನೋಮೀಟರಿನಲ್ಲಿ ಓದುವ ಮುಂಚೆಯೇ ಉತ್ತರ ಕಣ್ಣೆದುರು ಇರುತ್ತದೆ.

ಇಲ್ಲಿಂದಲೇ ತಾಪತ್ರಯವೂ ಶುರು. ನಮ್ಮಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗ ಓಡಿ ಬರುತ್ತಾನೆ: “ಮೇಡಂ, ಗ್ರಾಮಿಗೆ ನಲವತ್ತು ಮಿಲಿಗ್ರಾಂ ಹಿಡಿದಿದೆ!”

“ಎಷ್ಟರಿಂದ ಶುರು ಮಾಡಿದ್ದೆ ಮಾರಾಯ?”

“ಲೀಟರಿಗೆ ಐನೂರು ಮಿಲಿಗ್ರಾಂ, ಮೇಡಂ.”

“ಕೊಳಚೆಯಲ್ಲಿ ಇರೋದು ಐದು. ಅದರಲ್ಲಿ ಮಾಡಿ ತೋರಿಸು.”

ಅವನ ಮುಖ ಬಾಡುತ್ತದೆ, ನನಗೂ ಬೇಜಾರಾಗುತ್ತದೆ. ಆದರೆ ಪ್ರಕಟವಾಗುವ ಎಷ್ಟೋ ಪ್ರಬಂಧಗಳ ದೊಡ್ಡ ಸಂಖ್ಯೆಗಳ ಹಿಂದಿರುವುದು ಇದೇ. ದಟ್ಟವಾದ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿದರೆ ಯಾವ ಕೆಸರೂ ಹೊಟ್ಟೆ ಬಿರಿಯುವಷ್ಟು ಹಿಡಿಯುತ್ತದೆ. ನಮಗೆ ಬೇಕಾದದ್ದು, ಹೊರಗೆ ಹೋಗುವ ನೀರಿನಲ್ಲಿ ಅರ್ಧ ಮಿಲಿಗ್ರಾಂ ಮಾತ್ರ ಉಳಿಯುವಂತಿದ್ದಾಗ ಅದು ಎಷ್ಟು ಹಿಡಿಯುತ್ತದೆ ಅನ್ನುವುದು. ಆ ಸಂಖ್ಯೆ ಯಾವಾಗಲೂ ಚಿಕ್ಕದು. ಮೇಲಾಗಿ ಬಾಟಲಿಯ ನೀರು ಶುದ್ಧ, ಫಾಸ್ಫೇಟ್ ಬಿಟ್ಟರೆ ಬೇರೇನಿಲ್ಲ. ನಿಜವಾದ ಕೊಳಚೆಯಲ್ಲಿ ಬೈಕಾರ್ಬನೇಟ್, ಸಿಲಿಕೇಟ್, ಕೊಳೆತ ಸಾವಯವ ಪದಾರ್ಥ ಎಲ್ಲ ಅದೇ ಜಾಗಕ್ಕೆ ನುಗ್ಗುತ್ತಿರುತ್ತವೆ. ಬಾಟಲಿಯಲ್ಲಿ ರಾತ್ರಿಯಿಡೀ ಸಮಯ ಕೊಟ್ಟಿರುತ್ತೇವೆ. ಕೆಸರು ತುಂಬಿದ ಫಿಲ್ಟರಿನಲ್ಲಿ ಹರಿಯುವ ನೀರಿಗೆ ಸಿಗುವುದು ನಿಮಿಷಗಳು, ಹೆಚ್ಚೆಂದರೆ ಗಂಟೆಗಳು.

ಒಂದು ಲೆಕ್ಕ ಹಾಕೋಣ. ಒಬ್ಬ ಮನುಷ್ಯ, ದಿನಕ್ಕೆ ಒಂದೂವರೆ ಗ್ರಾಂ, ವರ್ಷಕ್ಕೆ ಸುಮಾರು 550 ಗ್ರಾಂ ಫಾಸ್ಫರಸ್. ಕೆಸರು ಗ್ರಾಮಿಗೆ 20 ಮಿಲಿಗ್ರಾಂ ಹಿಡಿದರೆ ವರ್ಷಕ್ಕೆ 27 ಕಿಲೋ ಒಣ ಹುಡಿ ಸಾಕು. ಸಾವಿರ ಜನರ ಊರಿಗೆ 27 ಟನ್. ಪರವಾಗಿಲ್ಲ ಅನ್ನಬಹುದು. ಫಿಲ್ಟರಿನಲ್ಲಿ ಅದರ ಹತ್ತನೇ ಒಂದು ಭಾಗ, 2 ಮಿಲಿಗ್ರಾಂ, ಮಾತ್ರ ಸಿಕ್ಕಿತು ಅಂದುಕೊಳ್ಳಿ: ಅದೇ ಊರಿಗೆ 270 ಟನ್. ಅದೂ ಒಣ ತೂಕ. ಹಸಿಯಾಗಿ ತುಂಬಿದರೆ ಲಾರಿಗಳು ಹೊರುವುದು ನೀರನ್ನೇ. ಗಣಿ ಪಕ್ಕದ ಊರಾದರೆ ಸರಿ. ನೂರಾರು ಕಿಲೋಮೀಟರ್ ಆಚೆ ಇದ್ದರೆ ಈ ‘ಪುಕ್ಕಟೆ’ ಕೆಸರಿಗಿಂತ ದುಡ್ಡು ಕೊಟ್ಟು ತರುವ ಫೆರಿಕ್ ಕ್ಲೋರೈಡ್ ಅನ್ನುವ ಕಬ್ಬಿಣದ ಲವಣವೇ ಅಗ್ಗ.

ಫೆರಿಕ್ ಕ್ಲೋರೈಡ್ ಅಂದೆನಲ್ಲ, ಅದರಲ್ಲೊಂದು ತಮಾಷೆ ಇದೆ. ದೊಡ್ಡ ಎಸ್‌ಟಿಪಿಗಳು (ಕೊಳಚೆ ಸಂಸ್ಕರಣಾ ಘಟಕಗಳು) ಫಾಸ್ಫರಸ್ ತೆಗೆಯಲು ಬಳಸುವುದು ಆಲಂ ಅಥವಾ ಫೆರಿಕ್ ಕ್ಲೋರೈಡನ್ನು, ಇಲ್ಲವೇ ಫಾಸ್ಫರಸ್ ಕೂಡಿಡುವ ಬ್ಯಾಕ್ಟೀರಿಯಾವನ್ನು. ಫೆರಿಕ್ ಕ್ಲೋರೈಡ್ ನೀರಿಗೆ ಬಿದ್ದೊಡನೆ ಆಗುವುದೂ ಕಬ್ಬಿಣದ ಹೈಡ್ರಾಕ್ಸೈಡೇ. ಅಂದರೆ ಒಂದು ಕಡೆ ಅದೇ ವಸ್ತುವನ್ನು ದುಡ್ಡು ಕೊಟ್ಟು ಎಸೆಯುತ್ತಿದ್ದೇವೆ, ಇನ್ನೊಂದು ಕಡೆ ದುಡ್ಡು ಕೊಟ್ಟು ತರುತ್ತಿದ್ದೇವೆ. ಹಾಗಾದರೆ ಅದರ ಬದಲು ಇದನ್ನೇ ಹಾಕಬಾರದೇ? ಎರಡೂ ಒಂದೇ ಅಲ್ಲ. ಕಬ್ಬಿಣ ನೀರಿನಲ್ಲೇ ಆಗತಾನೇ ಹೈಡ್ರಾಕ್ಸೈಡ್ ಆಗುತ್ತಿರುವಾಗ ಫಾಸ್ಫೇಟ್ ಕಣದ ಒಳಗೂ ಹೊರಗೂ ಸೇರಿಕೊಳ್ಳುತ್ತದೆ. ಎರಡು ಪರಮಾಣು ಕಬ್ಬಿಣಕ್ಕೆ ಒಂದು ಫಾಸ್ಫರಸ್ ಲೆಕ್ಕದಲ್ಲಿ ಕೆಲಸ ಆಗುತ್ತದೆ. ಗ್ರಾಂ ಕಬ್ಬಿಣಕ್ಕೆ ಸುಮಾರು 280 ಮಿಲಿಗ್ರಾಂ ಆಯಿತು. ಗಣಿಯ ಕೆಸರು ಕೊಳದಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾಗಿರುತ್ತದೆ, ಬರೀ ಹೊರಮೈ ಸಿಗುತ್ತದೆ. ಹಳೆಯದಾದಷ್ಟೂ, ಜೋರಾಗಿ ಕಾಯಿಸಿದಷ್ಟೂ ಹರಳುಗಟ್ಟಿ ಹಿಡಿಯುವ ಶಕ್ತಿ ಕುಗ್ಗುತ್ತದೆ.

ಹಾಗಾಗಿ ಕೆಲವರು ಕೆಸರಾಗುವವರೆಗೆ ಕಾಯುವುದೇ ಬೇಡ, ಹುಳಿ ನೀರನ್ನೇ ಕೊಳಚೆಗೆ ಬೆರೆಸೋಣ ಅಂದರು. ಬೊಲಿವಿಯಾದ ಪೊಟೊಸಿಯಲ್ಲಿ 1545ರಿಂದ ಬೆಳ್ಳಿ ತೋಡುತ್ತಿರುವ ಸೆರ್ರೊ ರಿಕೊ ಬೆಟ್ಟವಿದೆ. ಅಲ್ಲಿಯ ಗಣಿನೀರನ್ನೂ ಊರಿನ ಕೊಳಚೆಯನ್ನೂ ಸೇರಿಸಿ ಹಲವು ಹಂತದ ತೊಟ್ಟಿಗಳಲ್ಲಿ ಹರಿಸಿ ನೋಡಿದ್ದಾರೆ. ಒಂದರ ಕಬ್ಬಿಣ ಇನ್ನೊಂದರ ಫಾಸ್ಫೇಟನ್ನು ಇಳಿಸಿತು, ಕೊಳಚೆಯ ಕ್ಷಾರಗುಣ ಗಣಿನೀರಿನ ಹುಳಿಯನ್ನು ಮುರಿಯಲು ನೆರವಾಯಿತು. ರಸಾಯನಶಾಸ್ತ್ರದ ದೃಷ್ಟಿಯಿಂದ ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದು. ಆದರೆ ಗಣಿಯೂ ಕೊಳಚೆಯೂ ಒಂದೇ ಕಣಿವೆಗೆ ಇಳಿಯುವ ಜಾಗಗಳು ಎಲ್ಲ ಕಡೆ ಸಿಗುವುದಿಲ್ಲ.

ಮತ್ತೆ ಫಿಲ್ಟರಿಗೆ ಬರೋಣ, ಯಾಕೆಂದರೆ ನಿಜವಾದ ಗುದ್ದಾಟ ಅಲ್ಲೇ ಇದೆ. ಹುಡಿ ಅತಿ ನುಣುಪು ಅಂದೆನಲ್ಲ, ಅದನ್ನು ಕೊಳವೆಗೆ ತುಂಬಿ ಮೇಲಿಂದ ನೀರು ಬಿಟ್ಟರೆ ನೀರು ಇಳಿಯುವುದೇ ಇಲ್ಲ. ಮೊದಲ ದಿನ ತೊಟ್ಟಿಕ್ಕುತ್ತದೆ, ಆಮೇಲೆ ಮೇಲೆಯೇ ನಿಲ್ಲುತ್ತದೆ. ಒತ್ತಡ ಹಾಕಿದರೆ ಗಾಜಿನ ಗೋಡೆಯ ಅಂಚಿನಲ್ಲಿ ಸಂದು ಮಾಡಿಕೊಂಡು ಸರ್ರನೆ ಇಳಿದುಬಿಡುತ್ತದೆ. ಕೆಳಗೆ ಹಿಡಿದ ನೀರಿಗೆ ಮಾಲಿಬ್ಡೇಟ್ ಹಾಕಿದರೆ ಹೊಳೆಯುವ ನೀಲಿ. ಅಂದರೆ ನೀರು ಕೆಸರನ್ನು ಮಾತಾಡಿಸದೆಯೇ ಬಂದಿದೆ. ಪರಿಹಾರ, ಹುಡಿಯನ್ನು ಉಂಡೆಕಟ್ಟುವುದು. ಸಿಮೆಂಟ್ ಬೆರೆಸಿ ಕಾಳಿನಷ್ಟು ಗಾತ್ರದ ಹರಳು ಮಾಡಿದರೆ ನೀರು ಆರಾಮಾಗಿ ಹರಿಯುತ್ತದೆ. ಆದರೆ ಸಿಮೆಂಟು ಕೆಸರಿನ ಮೇಲ್ಮೈ ಮುಚ್ಚುತ್ತದೆ, ಪಿಎಚ್ ಏರಿಸುತ್ತದೆ, ಉಂಡೆಯ ಒಳಗಿನವರೆಗೆ ಫಾಸ್ಫೇಟ್ ಇಳಿಯಲು ದಿನಗಳೇ ಬೇಕು. ಹುಡಿಯಾಗಿದ್ದಾಗ ಹುಲಿ, ಉಂಡೆಯಾದ ಮೇಲೆ ಇಲಿ. ಯಾವ ಅಂಟು, ಎಷ್ಟು ಅಂಟು, ಎಷ್ಟು ದಪ್ಪ ಅನ್ನುವುದರಲ್ಲೇ ಈ ವಿದ್ಯೆಯ ಮುಕ್ಕಾಲು ಪಾಲು ಇದೆ ಅಂತ ನನ್ನ ಅಭಿಪ್ರಾಯ. ಆದರೆ ಗ್ರಾಮಿಗೆ ಎಷ್ಟು ಹಿಡಿಯಿತು ಅನ್ನುವ ಲೆಕ್ಕದ ಮುಂದೆ ಅಂಟಿನ ಕಥೆ ಬರೆಯಲು ಯಾರಿಗೂ ಹುಮ್ಮಸ್ಸಿಲ್ಲ.

ಆರ್ಸೆನಿಕ್ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಬ್ಬಿಣದ ಹೈಡ್ರಾಕ್ಸೈಡ್ ಫಾಸ್ಫೇಟನ್ನು ಎಷ್ಟು ಪ್ರೀತಿಯಿಂದ ಹಿಡಿಯುತ್ತದೋ ಆರ್ಸೆನೇಟನ್ನೂ (ಆರ್ಸೆನಿಕ್ ಎಂಬ ವಿಷ ನೀರಿನಲ್ಲಿ ಇರುವ ರೂಪ) ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ; ಎರಡರ ರಚನೆ ಒಂದೇ ತರಹ. ಚಿನ್ನ, ತಾಮ್ರದ ಗಣಿಗಳ ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದು ಕೆಸರಿನ ಜಾಗಗಳಲ್ಲಿ ಆಗಲೇ ಕೂತಿರುತ್ತದೆ. ಅಂಥ ಕೆಸರಿನ ಮೇಲೆ ಫಾಸ್ಫೇಟ್ ತುಂಬಿದ ಕೊಳಚೆ ಹರಿಸಿದರೆ ಫಾಸ್ಫೇಟ್ ಆರ್ಸೆನೇಟನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದದ್ದು ನೀರಿಗೆ ಬರುತ್ತದೆ. ಪಾಚಿಯಿಂದ ತಪ್ಪಿಸಿಕೊಂಡು ವಿಷಕ್ಕೆ ಸಿಕ್ಕಿದ ಹಾಗಾಯಿತು. ಇನ್ನೊಂದು ಸೂಕ್ಷ್ಮ: ನಮ್ಮ ಮಾಲಿಬ್ಡೇಟ್ ಪರೀಕ್ಷೆಯಲ್ಲಿ ಆರ್ಸೆನೇಟ್ ಕೂಡ ನೀಲಿ ಬಣ್ಣ ಕೊಡುತ್ತದೆ. ಬರೀ ನೀಲಿ ನೋಡುವವರು ‘ಅಯ್ಯೋ, ಫಾಸ್ಫೇಟ್ ಪೂರ್ತಿ ಹೋಗಿಲ್ಲ’ ಅಂದುಕೊಂಡು ಇನ್ನಷ್ಟು ಕೆಸರು ಸುರಿಯಬಹುದು. ಅದಕ್ಕೇ ಲೋಹಗಳ ವಿಶ್ಲೇಷಣೆ ಇಲ್ಲದೆ ಬಂದ ಕೆಸರನ್ನು ನಾನು ಶೇಕರ್ ಹತ್ತಿರವೂ ಬಿಡುವುದಿಲ್ಲ. ಕಲ್ಲಿದ್ದಲು ಗಣಿಯ ಕಾವಿ ಸಾಮಾನ್ಯವಾಗಿ ಲೋಹದ ಗಣಿಗಳದ್ದಕ್ಕಿಂತ ಶುಭ್ರ, ಆದರೂ ಪ್ರತಿ ಗಣಿಯದ್ದನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಉಸಿರುಗಟ್ಟಿದ ನೀರೂ ಇದಕ್ಕೆ ಶತ್ರು. ಆಮ್ಲಜನಕ ಮುಗಿದ ಜಾಗದಲ್ಲಿ ಬ್ಯಾಕ್ಟೀರಿಯಾ ಕಬ್ಬಿಣವನ್ನೇ ಬಳಸಿಕೊಂಡು ಉಸಿರಾಡುತ್ತವೆ. ಹೈಡ್ರಾಕ್ಸೈಡ್ ಕರಗುತ್ತದೆ, ಹಿಡಿದಿಟ್ಟ ಫಾಸ್ಫೇಟ್ ಅಷ್ಟೂ ಬಿಡುಗಡೆ. ಕೆರೆಯ ತಳದ ಹೂಳಿನಿಂದ ಬೇಸಿಗೆಯಲ್ಲಿ ಫಾಸ್ಫರಸ್ ಏಳುವುದೂ ಇದೇ ಕಾರಣಕ್ಕೆ. ಆದ್ದರಿಂದ ಕಾವಿ ಫಿಲ್ಟರ್ ಇರಬೇಕಾದ್ದು ಕೊಳಚೆ ಸಂಸ್ಕರಣೆಯ ಕೊನೆಯ ಹಂತದಲ್ಲಿ, ಗಾಳಿಯಾಡಿದ ನೀರಿಗೆ. ಹಸಿ ಕೊಳಚೆಯ ಗುಂಡಿಗೆ ನೇರ ಸುರಿಯುವ ಸಲಹೆ ಕೊಡುವವರ ಮಾತು ಕೇಳಬೇಡಿ.

ಇಷ್ಟು ಹೊತ್ತು ಒಂದೇ ಬಗೆಯ ಕೆಸರಿನ ಮಾತಾಡಿದೆ. ‘ಗಣಿ ತ್ಯಾಜ್ಯ’ ಅನ್ನುವ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬುವುದು ಸರಿಯಲ್ಲ. ಕಬ್ಬಿಣದ ಅದಿರು ತೊಳೆದು ಉಳಿಯುವ ಹುಡಿಯೂ ಕೆಂಪೇ, ಆದರೆ ಅದರಲ್ಲಿರುವುದು ಹೆಮಟೈಟ್ ಅನ್ನುವ ಹರಳುಗಟ್ಟಿದ ಕಬ್ಬಿಣದ ಆಕ್ಸೈಡ್ ಮತ್ತು ಮರಳು. ಮೇಲ್ಮೈ ಕಡಿಮೆ, ಹಿಡಿತ ಕಡಿಮೆ. ಬಣ್ಣ ನೋಡಿ ಮೋಸ ಹೋಗಬಾರದು. ಉಕ್ಕಿನ ಕಾರ್ಖಾನೆಯಲ್ಲಿ ಉಳಿಯುವ ಕಿಟ್ಟ (ಸ್ಲ್ಯಾಗ್) ಬಹುಮಟ್ಟಿಗೆ ಸುಣ್ಣದ ಬಲದಿಂದ ಕೆಲಸ ಮಾಡುತ್ತದೆ, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಇಳಿಸುತ್ತದೆ. ಹೊರಬರುವ ನೀರಿನ ಪಿಎಚ್ ಮೀನಿಗೆ ಆಗದಷ್ಟು ಏರುವ ಅಪಾಯವೂ ಜೊತೆಗಿದೆ. ಆದರೂ ದೊಡ್ಡ ಪ್ರಮಾಣದಲ್ಲಿ, ದೀರ್ಘ ಕಾಲ ನಡೆಸಿದ ಅನುಭವ ಇರುವುದು ಕಿಟ್ಟಕ್ಕೇ. ನ್ಯೂಜಿಲೆಂಡಿನ ವೈಯುಕು ಕೊಳಚೆ ಘಟಕದಲ್ಲಿ ಕಿಟ್ಟದ ಫಿಲ್ಟರ್ ಸುಮಾರು ಐದು ವರ್ಷ ಚೆನ್ನಾಗಿ ಕೆಲಸ ಮಾಡಿ, ಆಮೇಲೆ ಸೋತಿತು. ಸೋತದ್ದನ್ನೂ ಬರೆದಿಟ್ಟಿದ್ದಾರೆ ಅನ್ನುವುದಕ್ಕೆ ನನಗೆ ಅವರ ಮೇಲೆ ಗೌರವ.

ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ (ಅಲ್ಯುಮಿನಿಯಂ ತಯಾರಿಸುವ ಕಚ್ಚಾವಸ್ತು) ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಇನ್ನೊಂದು. ಕಬ್ಬಿಣವೂ ಇದೆ, ಅಲ್ಯುಮಿನಿಯಮ್ಮೂ ಇದೆ, ಆದರೆ ಕೈ ಸುಡುವಷ್ಟು ಕ್ಷಾರ. 2010ರ ಅಕ್ಟೋಬರ್ 4ರಂದು ಹಂಗೆರಿಯ ಆಯ್ಕಾದಲ್ಲಿ ಇದರ ಕಟ್ಟೆ ಒಡೆದು ಹತ್ತು ಜನ ಸತ್ತರು. ಇದೇ ಕೆಸರನ್ನು ಪಶ್ಚಿಮ ಆಸ್ಟ್ರೇಲಿಯಾದ ಪೀಲ್-ಹಾರ್ವಿ ಅಳಿವೆಯ ಸುತ್ತಲಿನ ಮರಳು ಹೊಲಗಳಿಗೆ ಹರಡಿ ನೋಡಿದರು. ಆ ಮರಳಿಗೆ ಗೊಬ್ಬರದ ಫಾಸ್ಫರಸ್ ಹಿಡಿದುಕೊಳ್ಳುವ ಶಕ್ತಿಯೇ ಇರಲಿಲ್ಲ, ಎಲ್ಲ ಸೋರಿ ಅಳಿವೆಗೆ ಹೋಗಿ ಪಾಚಿ ಕಟ್ಟುತ್ತಿತ್ತು. ಕೆಸರು ಹಾಕಿದ ಮಣ್ಣು ಫಾಸ್ಫರಸ್ ಹಿಡಿದುಕೊಂಡಿತು. ಅದರಲ್ಲಿರುವ ಭಾರಲೋಹ, ವಿಕಿರಣದ ಬಗ್ಗೆ ಜನರ ಆತಂಕವೂ ಜೊತೆಗೇ ಬಂತು. ಆತಂಕ ಪಡುವವರನ್ನು ತಿಳಿಯದವರು ಅಂತ ತಳ್ಳಿಹಾಕುವ ಚಾಳಿ ನಮ್ಮ ಕ್ಷೇತ್ರದಲ್ಲಿದೆ. ಅವರ ಹೊಲಕ್ಕೆ ನಾವು ಕಾರ್ಖಾನೆಯ ಕೆಸರು ಹಾಕುತ್ತಿರುವಾಗ ಪ್ರಶ್ನೆ ಕೇಳುವುದು ಅವರ ಹಕ್ಕು.

ಈಗ ಸಿಪ್ಪೆಯ ವಿಷಯ. ಫಾಸ್ಫರಸ್ ತುಂಬಿಕೊಂಡ ಕಾವಿಯನ್ನು ಏನು ಮಾಡುವುದು? ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಗಳ ಓಕರ್ ಮೇಲೆ ಎಡಿನ್‌ಬರೋ ವಿಶ್ವವಿದ್ಯಾಲಯದ ಕೇಟ್ ಹೀಲ್ ಮತ್ತು ಸಂಗಡಿಗರು ಬಹಳ ವರ್ಷ ಕೆಲಸ ಮಾಡಿದ್ದಾರೆ. ಲ್ಯಾಬಿನಲ್ಲಿ ಅದು ಗ್ರಾಮಿಗೆ ಇಪ್ಪತ್ತು ಮಿಲಿಗ್ರಾಂ ದಾಟಿ ಹಿಡಿಯಿತು. ಅವರು ಅಲ್ಲಿಗೇ ನಿಲ್ಲದೆ, ತುಂಬಿದ ಓಕರನ್ನು ಮಣ್ಣಿಗೆ ಹಾಕಿ ಹುಲ್ಲು, ಬಾರ್ಲಿ ಬೆಳೆದು ನೋಡಿದರು. ನಿಧಾನಕ್ಕೆ ಫಾಸ್ಫರಸ್ ಬಿಡುವ ಗೊಬ್ಬರವಾಗಿ ಅದು ಕೆಲಸಕ್ಕೆ ಬಂತು. ಅಮೆರಿಕದ ಪಶ್ಚಿಮ ವರ್ಜೀನಿಯಾದ ಲೀಟೌನ್‌ನಲ್ಲಿ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬೇರೆ ದಾರಿ ಹಿಡಿದರು: ಗಣಿ ಕೆಸರಿನಿಂದ ಮಾಡಿದ ಕಾಳುಗಳಿಂದ ಕೃಷಿಯ ಕೊಳಚೆಯ ಫಾಸ್ಫರಸ್ ತೆಗೆದು, ಕಾಳುಗಳನ್ನು ಕ್ಷಾರದಲ್ಲಿ ತೊಳೆದು ಫಾಸ್ಫೇಟ್ ಬಿಡಿಸಿ, ಅವನ್ನೇ ಮತ್ತೆ ಬಳಸಿದರು. ಬಿಡಿಸಿದ ಫಾಸ್ಫೇಟೂ ವ್ಯರ್ಥವಲ್ಲ. ಜಗತ್ತಿನ ಫಾಸ್ಫೇಟ್ ಶಿಲೆಯ ನಿಕ್ಷೇಪದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲೇ ಇದೆ. ಐರೋಪ್ಯ ಒಕ್ಕೂಟ 2014ರಲ್ಲಿ ಅದನ್ನು ನಿರ್ಣಾಯಕ ಕಚ್ಚಾವಸ್ತುಗಳ ಪಟ್ಟಿಗೆ ಸೇರಿಸಿತು.

ನನ್ನನ್ನು ಕೇಳಿದರೆ, ದೊಡ್ಡ ನಗರದ ಎಸ್‌ಟಿಪಿಗೆ ಇದು ಬೇಡ. ಅಲ್ಲಿ ರಾಸಾಯನಿಕ ಅಳೆದು ಹಾಕಲು ಆಪರೇಟರ್ ಇರುತ್ತಾನೆ, ಪಂಪು ಇರುತ್ತದೆ, ಕೆಸರು ಹಿಂಡುವ ಯಂತ್ರ ಇರುತ್ತದೆ. ಗಣಿ ಸೀಮೆಯ ಸಣ್ಣ ಊರು, ಗಾಳಿಯಾಡಿಸಿದ ಸೆಪ್ಟಿಕ್ ಟ್ಯಾಂಕಿನ ಹೊರಹರಿವು, ಹೊಲದ ಬಸಿಗಾಲುವೆ, ಮೀನು ಸಾಕಣೆಯ ಕೊಳ, ಇಂಥ ಕಡೆ ಇದರ ಜಾಗ. ದಿನವೂ ನೋಡಿಕೊಳ್ಳಲು ಜನ ಇಲ್ಲ, ನೀರು ತಾನಾಗಿ ಹರಿದು ಹೋಗಬೇಕು, ವರ್ಷಕ್ಕೊಮ್ಮೆ ಬಂದು ತುಂಬಿದ್ದನ್ನು ತೆಗೆದು ಹೊಸದು ಹಾಕಿದರೆ ಸಾಕು ಅನ್ನುವಂತಿರಬೇಕು. ಈರಿ ಸರೋವರದ ಉದಾಹರಣೆಯಲ್ಲಿ ಹೇಳಿದ ಹೊಲದ ನೀರಿಗೆ ಎಸ್‌ಟಿಪಿ ಕಟ್ಟಲಾಗುವುದಿಲ್ಲ, ಬಸಿಗಾಲುವೆಯ ಬಾಯಲ್ಲಿ ಒಂದು ಗುಂಡಿ ತೋಡಿ ಇಂಥದ್ದನ್ನು ತುಂಬಬಹುದು. ಅದಕ್ಕೂ ಮುಂಚೆ ಕಾಗದದ ಕೆಲಸ ಮುಗಿಯಬೇಕು: ಎಷ್ಟೋ ದೇಶಗಳ ಕಾನೂನಿನಲ್ಲಿ ಈ ಕೆಸರು ‘ತ್ಯಾಜ್ಯ’, ಗಣಿಯ ಬೇಲಿ ದಾಟಿಸಲು ಪರವಾನಗಿ ಬೇಕು. ಹೊಣೆ ಗಣಿಯವರದ್ದೋ, ಫಿಲ್ಟರ್ ಹಾಕಿದವರದ್ದೋ, ಕೊನೆಗೆ ಹೊ­ಲಕ್ಕೆ ಹರಡಿದವರದ್ದೋ ಅನ್ನುವುದು ಮೊದಲೇ ತೀರ್ಮಾನವಾಗಬೇಕು.

ಯಾರಾದರೂ ಇಂಥ ಫಿಲ್ಟರನ್ನು ನಿಜವಾದ ಕೊಳಚೆಯ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ನಡೆಸಿದ್ದರೆ ನನಗೆ ಬರೆಯಿರಿ. ಗ್ರಾಮಿಗೆ ಎಷ್ಟು ಮಿಲಿಗ್ರಾಂ ಅನ್ನುವುದು ಬೇಡ. ಕಿಲೋ ಕೆಸರಿನ ಮೂಲಕ ಒಟ್ಟು ಎಷ್ಟು ಲೀಟರ್ ಹರಿಯಿತು, ಯಾವಾಗ ಕಟ್ಟಿಕೊಂಡಿತು, ಯಾವ ಅಂಟು ಬಳಸಿದಿರಿ, ಹೊರನೀರಿನಲ್ಲಿ ಆರ್ಸೆನಿಕ್ ಅಳೆದಿರಾ, ಇಷ್ಟು ಸಾಕು. ಕಟ್ಟಿಕೊಂಡ ಕೊಳವೆಯ ಫೋಟೋ ಇದ್ದರೆ ಅದನ್ನೂ ಕಳಿಸಿ, ನಮ್ಮ ಹುಡುಗನಿಗೆ ತೋರಿಸಬೇಕು.